ಶಿರಾಡಿ ಘಾಟಿಯಲ್ಲಿ ಗಂಜಿ ಕೊಟ್ಟ ಲಾರಿ ಚಾಲಕರಿಗೆ

ಪುತ್ತೂರಿನ ಅಕ್ಕನ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದೆವು. ಸಕಲೇಶಪುರ ದಾಟಿದ ಮೇಲೆ ದೋಣಿಗಲ್ ಬಳಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 75 ಬಂದ್. ಮುಹೂರ್ತ ತಪ್ಪಿತೆಂದು ನಾನು ಚಡಪಡಿಸುತ್ತಿದ್ದರೆ, ಸಕ್ಕರೆ ಕಾಯಿಲೆಯ ಅಮ್ಮನಿಗೆ ಹಸಿವಿನಿಂದ ಕೈ ನಡುಗತೊಡಗಿತ್ತು. ಅಣ್ಣಾ, ಮೊದಲು ಒಂದು ತುಂಡು ಬೆಲ್ಲ ಕೊಟ್ಟಿರಿ. ಆಮೇಲೆ ಲಾರಿಯ ಮರೆಯಲ್ಲಿ, ಮಳೆಗೆ ಟಾರ್ಪಾಲು ಎಳೆದು, ಸೀಮೆಎಣ್ಣೆ ಸ್ಟೌವ್ ಪಂಪು ಮಾಡಿ ಗಂಜಿ ಬೇಯಿಸಿದಿರಿ. ನಂಚಿಕೊಳ್ಳಲು ನಿಂಬೆ ಉಪ್ಪಿನಕಾಯಿ. "ದೇವರು ನಿಲ್ಲಿಸಿದಲ್ಲೇ ಉಣ್ಣಬೇಕು ಅಮ್ಮಾ, ಹೊರಡಿಸುವಾಗ ಅವನೇ ಹೊರಡಿಸುತ್ತಾನೆ" ಎಂದಿರಿ. ಗುಡ್ಡವನ್ನು ನೆಟ್ಟಗೆ ಕಡಿದು ರಸ್ತೆ ಅಗಲ ಮಾಡಿದ್ದು ಮನುಷ್ಯರೇ. ಆ ಲೆಕ್ಕವನ್ನು ದೇವರ ಮೇಲೆ ಹಾಕಲಾರೆ. ನಿಮ್ಮ ಲಾರಿಯನ್ನು ನಮ್ಮ ಪಕ್ಕ ನಿಲ್ಲಿಸಿದ್ದು ಮಾತ್ರ ಅವನೇ ಎಂದು ನಂಬುತ್ತೇನೆ. ದುಡ್ಡು ಮುಟ್ಟಲಿಲ್ಲ, ಹೆಸರನ್ನೂ ಹೇಳಲಿಲ್ಲ. ಅಮ್ಮ ಆರಾಮವಾಗಿದ್ದಾರೆ. ನಿಮಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.