ನೀರಿನ ಮೇಲೆ ಬಂದ ಮಾತ್ರಕ್ಕೆ ಡೈವ್ ಮುಗಿಯುವುದಿಲ್ಲ

ಮಾನ್ಯರೇ,

ಭಾನುವಾರ ದ್ವೀಪದ ಹತ್ತಿರ ನಡೆದ ಸ್ಕೂಬಾ ಡೈವಿಂಗ್ ಅವಘಡದ ಬಗ್ಗೆ ನಿನ್ನೆಯ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಮೈ ಉರಿಯಿತು. ‘ಸಮುದ್ರದ ಅಬ್ಬರಕ್ಕೆ ಸಿಲುಕಿದ ಯುವಕ, ಆಮ್ಲಜನಕ ಖಾಲಿಯಾಗಿ ಅಸ್ವಸ್ಥ’ ಎಂದು ಅಚ್ಚಾಗಿದೆ. ಆ ಹೊತ್ತಿನಲ್ಲಿ ನಾನು ಅದೇ ನೀರಿನಲ್ಲಿದ್ದೆ. ಸಮುದ್ರ ಅಬ್ಬರಿಸುತ್ತಿರಲಿಲ್ಲ, ಸಣ್ಣ ಅಲೆಗಳಿದ್ದವು ಅಷ್ಟೆ. ಸಿಲಿಂಡರೂ ಖಾಲಿಯಾಗಿರಲಿಲ್ಲ. ಹುಡುಗನನ್ನು ಬೋಟಿಗೆ ಎಳೆದುಕೊಂಡ ಮೇಲೆ ನೋಡಿದರೆ ಸಿಲಿಂಡರಿನ ಒತ್ತಡ ತೋರಿಸುವ ಗೇಜಿನ ಮುಳ್ಳು 70 ಬಾರ್ ಹತ್ತಿರ ನಿಂತಿತ್ತು. ಮೇಲೆ ಬರುವಾಗ 50 ಬಾರ್ ಉಳಿಸಿಕೊಂಡು ಬಾ ಎಂದು ಕಲಿಸುತ್ತಾರೆ, ಅದಕ್ಕಿಂತ ಹೆಚ್ಚೇ ಇತ್ತು. ಇನ್ನು ಆ ಸಿಲಿಂಡರಿನಲ್ಲಿರುವುದು ಆಮ್ಲಜನಕವಲ್ಲ. ನಾವೆಲ್ಲ ಉಸಿರಾಡುವ ಮಾಮೂಲಿ ಗಾಳಿಯನ್ನೇ 200 ಬಾರ್‌ಗೆ ಒತ್ತಿ ತುಂಬಿರುತ್ತಾರೆ. ಬರೀ ಆಮ್ಲಜನಕ ಉಸಿರಾಡುತ್ತ 10 ಮೀಟರ್ ಇಳಿದರೆ ನೀರಿನೊಳಗೇ ಫಿಟ್ಸ್ ಬರುವ ಅಪಾಯವಿದೆ. ಪ್ರತಿ ಸಲವೂ ಇದೇ ತಪ್ಪು ಅಚ್ಚಾಗುತ್ತದೆ. ಬರೆಯುವ ಮುಂಚೆ ಒಬ್ಬ ಡೈವರನ್ನಾದರೂ ಕೇಳಬಾರದೇ?

ನಡೆದದ್ದು ಹೀಗೆ. ಹುಡುಗ ಚೆನ್ನಾಗಿಯೇ ಮೇಲೆ ಬಂದ. ಬಂದವನೇ ಸಿಲಿಂಡರಿನ ಗಾಳಿ ಉಸಿರಾಡುವ ರೆಗ್ಯುಲೇಟರನ್ನು ಬಾಯಿಂದ ತೆಗೆದುಹಾಕಿದ, ಮಾಸ್ಕನ್ನು ಹಣೆಯ ಮೇಲೆ ಏರಿಸಿದ, ಬೋಟಿನಲ್ಲಿದ್ದ ಗೆಳೆಯರಿಗೆ ಕೂಗಿ ಏನೋ ಹೇಳತೊಡಗಿದ. ಬಿಸಿಡಿಗೆ, ಅಂದರೆ ಗಾಳಿ ತುಂಬಿದರೆ ತೇಲಿಸುವ ಜಾಕೆಟ್ಟಿಗೆ, ಒಂದು ತೊಟ್ಟು ಗಾಳಿ ತುಂಬಿಕೊಂಡಿರಲಿಲ್ಲ. ಬರೀ ಕಾಲು ಬಡಿದುಕೊಂಡು ತಲೆ ಮೇಲಿಟ್ಟಿದ್ದ. ಅಷ್ಟರಲ್ಲಿ ಒಂದು ಅಲೆ ಬಾಯಿಗೆ ಹೊಡೆಯಿತು. ಕೆಮ್ಮು ಹತ್ತಿತು. ಮಾಸ್ಕ್ ಹಿಂದಕ್ಕೆ ಜಾರಿ ನೀರಿಗೆ ಬಿತ್ತು. ಎರಡನೇ ಅಲೆಗೆ ಗಾಬರಿ. ಆಮೇಲೆ ಕೈ ಬಡಿಯುವುದೊಂದೇ. ಅದಕ್ಕೆ ಗಾಳಿ ತುಂಬಲು ಎದೆಯ ಪಕ್ಕದಲ್ಲೇ ನೇತಾಡುತ್ತಿದ್ದ ಇನ್‌ಫ್ಲೇಟರ್ ಗುಂಡಿ ಒತ್ತಿದ್ದರೆ ಎರಡು ಸೆಕೆಂಡಿನಲ್ಲಿ ತೇಲುತ್ತಿದ್ದ. ಗಾಬರಿ ಬಿದ್ದವನ ಕೈಗೆ ಆ ಗುಂಡಿ ಸಿಗುವುದಿಲ್ಲ. ಅದಕ್ಕೇ ಗಾಬರಿಯಾಗುವ ಮುಂಚೆಯೇ, ತಲೆ ನೀರಿನಿಂದ ಹೊರಬಂದ ಕ್ಷಣವೇ ಅದನ್ನು ಒತ್ತುವುದು ಅಭ್ಯಾಸವಾಗಿರಬೇಕು.

ನಾನೂ ಇನ್ನೊಬ್ಬ ಡೈವರೂ ಈಜಿ ಹೋಗಿ ಅವನ ಬಿಸಿಡಿ ತುಂಬಿಸಿದೆವು. ನೀರಿನಲ್ಲಿ ಇಳಿಯಲು ಕಟ್ಟಿಕೊಳ್ಳುವ ತೂಕದ ಬೆಲ್ಟ್ ಕಳಚಿ ಬಿಡೋಣವೆಂದು ಬಕಲ್ ಎಳೆದರೆ ಬೆಲ್ಟ್ ಬೀಳಲೊಲ್ಲದು! ಅದರ ಮೇಲೆ ಬಿಸಿಡಿಯ ಸೊಂಟಪಟ್ಟಿ ಬಿಗಿದು ಕೂತಿತ್ತು. ತೂಕವನ್ನು ಕಟ್ಟಬೇಕಾದದ್ದೇ ಆಪತ್ತಿನಲ್ಲಿ ಒಂದೇ ಕೈಯಲ್ಲಿ ಎಳೆದು ಬಿಸಾಡಲಿಕ್ಕೆ ಆಗುವ ಹಾಗೆ. ಅದನ್ನು ಕಟ್ಟಿದವರು ಯಾರು, ನೋಡಿದವರು ಯಾರು? ಮುಳುಗಿ ಸತ್ತ ಡೈವರ್‌ಗಳನ್ನು ಮೇಲೆತ್ತಿದಾಗ ತೂಕದ ಬೆಲ್ಟ್ ಸೊಂಟದಲ್ಲಿ ಹಾಗೇ ಇತ್ತು ಎಂಬ ಮಾತು ಪ್ರಪಂಚದ ಅಪಘಾತ ವರದಿಗಳಲ್ಲೆಲ್ಲ ಮತ್ತೆ ಮತ್ತೆ ಬರುತ್ತದೆ. ಆ ಸಾಲಿಗೆ ಇವನೊಬ್ಬ ಸೇರಲಿಲ್ಲ ಎನ್ನುವುದು ಪುಣ್ಯ, ವ್ಯವಸ್ಥೆಯ ಹೆಚ್ಚುಗಾರಿಕೆ ಅಲ್ಲ.

ಅವನ ಜೊತೆಗಾರ ಎಲ್ಲಿದ್ದ ಎಂದು ಕೇಳುತ್ತೀರಾ? ಆಗಲೇ ಬೋಟಿನ ಏಣಿ ಹತ್ತುತ್ತಿದ್ದ. ಜೊತೆಗಾರ ಎಂದರೆ ನೀರಿಗಿಳಿದಲ್ಲಿಂದ ಏಣಿ ಹತ್ತುವವರೆಗೂ ಜೊತೆಗಿರುವವನು. ಇಳಿಯುವ ಮುಂಚೆ ಒಬ್ಬರು ಇನ್ನೊಬ್ಬರ ಬಿಸಿಡಿ, ತೂಕ, ಬಕಲ್, ಗಾಳಿ ಎಲ್ಲ ಮುಟ್ಟಿ ನೋಡಬೇಕು. ಎರಡು ನಿಮಿಷದ ಕೆಲಸ. ಅವತ್ತು ಆ ಬೋಟಿನಲ್ಲಿ ನನ್ನ ಕಣ್ಣೆದುರಿಗೆ ಯಾರೂ ಮಾಡಲಿಲ್ಲ. ಬೋಟಿನ ಸಹಾಯಕ ಸಾಲಾಗಿ ಎಲ್ಲರ ಸಿಲಿಂಡರಿನ ವಾಲ್ವ್ ತಿರುಗಿಸುತ್ತ ಹೋದ. ‘ಸರ್, ಆಯ್ತು, ಹಾರಿ’ ಅಂದ. ನನ್ನ ಪಕ್ಕದಲ್ಲಿದ್ದ ಮಹಿಳೆ ಉಸಿರೆಳೆದಾಗಲೆಲ್ಲ ಗೇಜಿನ ಮುಳ್ಳು ಕೆಳಗೆ ಕುಸಿದು ಮತ್ತೆ ಮೇಲಕ್ಕೆ ಹೋಗುತ್ತಿತ್ತು. ವಾಲ್ವ್ ಪೂರ್ತಿ ತೆರೆದಿಲ್ಲ, ಕಾಲು ಸುತ್ತು ಮಾತ್ರ ತೆರೆದಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಬೋಟಿನ ಮೇಲೆ ಕೂತಾಗ ಉಸಿರು ಸರಾಗವಾಗಿಯೇ ಬರುತ್ತದೆ. 10 ಮೀಟರ್ ಕೆಳಗೆ ಒತ್ತಡ ಇಮ್ಮಡಿ, ಪ್ರತಿ ಉಸಿರಿಗೂ ಇಮ್ಮಡಿ ಗಾಳಿ ಬೇಕು, ಆಗ ಎಳೆದಷ್ಟೂ ಬಿಗಿ. ಪೂರ್ತಿ ತೆರೆದು ಕಾಲು ಸುತ್ತು ಹಿಂದಕ್ಕೆ ತಿರುಗಿಸುವ ಹಳೇ ರೂಢಿ ಇದಕ್ಕೆ ಮೂಲ. ಯಾವ ಕಡೆಗೆ ತಿರುಗಿಸಿದ್ದೇನೆಂದು ಒಮ್ಮೆ ಮರೆತರೆ ಮುಚ್ಚಿದ ವಾಲ್ವೇ ಕಾಲು ಸುತ್ತು ತೆರೆದು ನಿಲ್ಲುತ್ತದೆ. ಆಕೆಯ ಗೇಜನ್ನು ನಾನು ತೋರಿಸಿದ್ದಕ್ಕೆ ಆ ಸಹಾಯಕ ಮುಖ ಗಂಟಿಕ್ಕಿಕೊಂಡ. ನನ್ನದು ಅಧಿಕಪ್ರಸಂಗವಂತೆ!

ಇನ್ನು ಬೋಟಿನ ವಿಷಯ. ಡೈವರ್‌ಗಳು ನೀರಿನಲ್ಲಿರುವಾಗ ನೀಲಿ-ಬಿಳಿಯ ‘ಎ’ ಬಾವುಟ ತೋರಿಸಬೇಕೆಂದು ಅಂತರರಾಷ್ಟ್ರೀಯ ನೌಕಾ ನಿಯಮದಲ್ಲೇ ಇದೆ. ಸಣ್ಣ ಬೋಟಾದರೂ ಸರಿ, ಗಾಳಿಯಿಲ್ಲದಿದ್ದರೂ ಮುದುಡದ ಗಟ್ಟಿ ಫಲಕ, ಕನಿಷ್ಠ ಒಂದು ಮೀಟರ್ ಎತ್ತರದ್ದು, ಸುತ್ತಲಿಂದಲೂ ಕಾಣಬೇಕು. ನಮ್ಮ ಬೋಟಿನಲ್ಲಿ ಬಾವುಟ ಸೀಟಿನ ಕೆಳಗೆ ಮಡಚಿಟ್ಟಿತ್ತು. ನಾವು ಆ ಹುಡುಗನನ್ನು ಎಳೆದುಕೊಂಡು ಬರುವಾಗ ಸವಾರಿ ಬೋಟೊಂದು ಕೂಗಳತೆಯಲ್ಲಿ ರೊಯ್ಯನೆ ಹೋಯಿತು. ನೀರಿನ ಮೇಲೆ ತಲೆಯೊಂದೇ ಕಾಣುವ ಮನುಷ್ಯ ಬೋಟು ಓಡಿಸುವವನಿಗೆ ತೇಲುವ ತೆಂಗಿನಕಾಯಿಯಂತೆ ಕಂಡರೆ ಹೆಚ್ಚು. ನಾನು ಕಿತ್ತಳೆ ಬಣ್ಣದ ಮಾರ್ಕರ್ ಟ್ಯೂಬ್ ಊದಿ ಎತ್ತಿ ಹಿಡಿದಿದ್ದರಿಂದ ಅವನು ಪಕ್ಕಕ್ಕೆ ತಿರುಗಿಸಿದ. ಉಳಿದವರಲ್ಲಿ ಯಾರ ಹತ್ತಿರವೂ ಟ್ಯೂಬ್ ಇರಲಿಲ್ಲ, ಒಂದು ಸೀಟಿಯೂ ಇರಲಿಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನಲ್ಲಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ಬೋಟು ಹೊರಟುಹೋಗಿತ್ತು. ಎರಡು ದಿನದ ಮೇಲೆ, ಬೋಟಿನಲ್ಲಿ ಉಳಿದಿದ್ದ ಅವರ ಚೀಲ ನೋಡಿದಾಗ ವಿಷಯ ಗೊತ್ತಾಯಿತು. ಅವರು ಸಿಗಲೇ ಇಲ್ಲ. ಆಮೇಲೆ ಅಲ್ಲಿ ತಲೆ ಎಣಿಸುವ ನಿಯಮ ಬಿಗಿಯಾಯಿತು. ಇಲ್ಲಿ ಬೋಟು ಹೊರಡುವಾಗ ಎಣಿಸುತ್ತಾರೆ, ಹಣ ಲೆಕ್ಕಕ್ಕೆ ಸರಿಹೊಂದಬೇಕಲ್ಲ. ವಾಪಸು ಬರುವಾಗ ಎಣಿಸುವುದಿಲ್ಲ.

ನಿಮ್ಮ ವರದಿಗಾರರು ಬರೆದ ಆಮ್ಲಜನಕ ನಿಜವಾಗಿ ಬೇಕಾಗಿದ್ದು ಬೋಟಿನ ಮೇಲೆ. ನೀರು ಕುಡಿದು ಉಬ್ಬಸ ಪಡುವವನಿಗೆ ಮೊದಲು ಕೊಡಬೇಕಾದದ್ದೇ ಅದು. ಪೆಟ್ಟಿಗೆ ಇತ್ತು. ತೆರೆದು ನೋಡಿದರೆ ಸಿಲಿಂಡರ್ ಇದೆ, ಮುಖಕ್ಕೆ ಹಾಕುವ ಮಾಸ್ಕ್ ಇಲ್ಲ! ದಡ ಮುಟ್ಟುವವರೆಗೂ ಆ ಹುಡುಗನನ್ನು ಒರಗಿಸಿಕೊಂಡು ಕೂತವರು ನಾವು.

ಇಷ್ಟೆಲ್ಲ ಆದ ಮೇಲೆ ನಮಗೆ ಸಿಕ್ಕ ಮರ್ಯಾದೆ ಕೇಳಿ. ಒದ್ದೆ ಸೂಟಿನಲ್ಲೇ ಕತ್ತಲಾಗುವವರೆಗೂ ಅಧಿಕಾರಿಗಳು ಜೆಟ್ಟಿಯಲ್ಲಿ ನಿಲ್ಲಿಸಿದರು. ಒಬ್ಬರು ಬಂದು ಹೇಳಿಕೆ ಬರೆಸಿಕೊಂಡು ಹೋದರು, ಇನ್ನೊಬ್ಬರು ಬಂದು ಅದನ್ನೇ ಮತ್ತೆ ಕೇಳಿದರು. ‘ನೀವ್ಯಾಕೆ ಅವನ ಹತ್ತಿರ ಹೋದಿರಿ’ ಎಂದೂ ಒಬ್ಬ ಮಹಾಶಯರು ಪ್ರಶ್ನಿಸಿದರು. ಎಳೆದಾಟದಲ್ಲಿ ನನ್ನ ಒಂದು ಫಿನ್ ಸಮುದ್ರದ ಪಾಲಾಯಿತು, ಅದು ಹೋಗಲಿ. ನನ್ನ ಉಳಿದ ಸಲಕರಣೆಯೆಲ್ಲ ಶೆಡ್ಡಿನಲ್ಲಿಟ್ಟು ಬೀಗ ಜಡಿದಿದ್ದಾರೆ, ‘ಮುಂದಿನ ಆದೇಶದವರೆಗೆ’. ಡೈವ್ ಮುಗಿದ ತಕ್ಷಣ ರೆಗ್ಯುಲೇಟರಿನ ಧೂಳುಮುಚ್ಚಳವನ್ನು ಒರೆಸಿ ಒಣಗಿಸಿ, ಹಾಕಿ ಬಿಗಿದು, ಅದನ್ನು ಸಿಹಿನೀರಿನಲ್ಲಿ ನೆನೆಸಬೇಕು, ಬಿಸಿಡಿಯನ್ನೂ ತೊಳೆಯಬೇಕು. ಇಲ್ಲದಿದ್ದರೆ ಉಪ್ಪು ಒಣಗಿ ಒಳಗೇ ಹರಳುಗಟ್ಟುತ್ತದೆ, ಇನ್‌ಫ್ಲೇಟರ್ ಗುಂಡಿ ಅಂಟಿಕೊಳ್ಳುತ್ತದೆ. ನಾಳೆ ಆ ಗುಂಡಿ ಸಿಕ್ಕಿಹಾಕಿಕೊಂಡು ನಾನು ಬಲೂನಿನ ಹಾಗೆ ಮೇಲೆ ಚಿಮ್ಮಿದರೆ ಅದಕ್ಕೂ ಸಮುದ್ರವೇ ಕಾರಣ ಎನ್ನುತ್ತೀರಾ? ಒಂದು ಬಕೆಟ್ ನೀರಿನಲ್ಲಿ ತೊಳೆದಿಡುತ್ತೇನೆ ಎಂದು ಅಂಗಲಾಚಿದರೂ ಬೀಗ ತೆಗೆಯಲಿಲ್ಲ. ಕೀಲಿ ಸಾಹೇಬರ ಹತ್ತಿರ, ಸಾಹೇಬರು ಮೀಟಿಂಗಿನಲ್ಲಿ.

ಈ ಸಾಹೇಬರುಗಳ ಕತೆ ಇವತ್ತಿನದಲ್ಲ. ಜೆಟ್ಟಿಯ ಮೆಟ್ಟಿಲಿನ ಕೆಳಗಿನ ಕಂಬಿ ಮುರಿದು ಎಷ್ಟು ಕಾಲವಾಯಿತೆಂದು ಊರಿಗೇ ಗೊತ್ತು. ದೀಪ ಹಾಕಿಸಿ ಎಂದು ಕೊಟ್ಟ ಅರ್ಜಿ ಒಂದು ಇಲಾಖೆಯಿಂದ ಇನ್ನೊಂದಕ್ಕೆ ಅಲೆದು, ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಷರಾದೊಂದಿಗೆ ನಮ್ಮ ಮನೆಗೇ ವಾಪಸು ಬಂತು. ಹಾರ ಹಾಕಿ, ರಿಬ್ಬನ್ ಕತ್ತರಿಸಿ, ಫೋಟೊ ತೆಗೆಸಿಕೊಂಡ ರಕ್ಷಣಾ ಬೋಟು ಟಾರ್ಪಾಲಿನ ಕೆಳಗೆ ಮಲಗಿದೆ. ಭಾನುವಾರ ಅದು ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಡೀಸೆಲ್ ಇಲ್ಲ ಎಂದರು. ಡೀಸೆಲ್ ಇಲ್ಲದ ಮೇಲೆ ಅದಕ್ಕೆ ಬಣ್ಣ ಹೊಡೆಸಿದ್ದು ಯಾವ ಪುರುಷಾರ್ಥಕ್ಕೆ?

ಈಗ ಡೈವಿಂಗನ್ನೇ ನಿಲ್ಲಿಸಿ ಕೈತೊಳೆದುಕೊಂಡಿದ್ದಾರೆ. ಸರಿಯಾಗಿ ಕಟ್ಟಿಕೊಂಡು, ಸರಿಯಾಗಿ ನೋಡಿಕೊಂಡು ಇಳಿಯುವವರಿಗೂ ಅದೇ ಶಿಕ್ಷೆ, ಬಾವುಟ ಮಡಚಿಟ್ಟವರಿಗೂ ಅದೇ. ಬಾಗಿಲು ಮುಚ್ಚುವುದಾದರೆ ಆ ಬೋಟಿನವರದ್ದು ಮುಚ್ಚಿಸಲಿ, ಇಲ್ಲವೇ ಪ್ರತಿ ಬೋಟಿಗೂ ಬಾವುಟ, ಆಮ್ಲಜನಕ, ತಲೆ ಎಣಿಕೆ ಇದೆಯೇ ಎಂದು ಜೆಟ್ಟಿಯಲ್ಲಿ ನಿಂತು ನೋಡಿ ಬಿಡಲಿ. ಏನಾದರೂ ಒಂದು ಮಾಡಲಿ, ಕೂಡಲೇ ಮಾಡಲಿ. ಅದಕ್ಕೂ ಮುಂಚೆ ಶೆಡ್ಡಿನ ಬೀಗ ತೆಗೆಯಲಿ. ಸಂಬಳ ತಿಂದು ಕುರ್ಚಿ ಬಿಸಿ ಮಾಡುತ್ತ, ಏನಾದರೂ ಆದ ದಿನ ಸಮುದ್ರದ ಮೇಲೆ ಗೂಬೆ ಕೂರಿಸಿ ಮನೆಗೆ ಹೋಗುವ ಇವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

ಇಂತಿ,
ಬೇಸತ್ತ ಡೈವರ್