ಒಂದು ಮೊಟ್ಟೆಯ ಬೆಲೆ

ಮಾನ್ಯರೇ,

ಜೇಮ್ಸ್ ಕ್ಲಾವೆಲ್ ಅವರ 'ಕಿಂಗ್ ರ‍್ಯಾಟ್' ಕಾದಂಬರಿಯನ್ನು ಮೊನ್ನೆ ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಬಂದಿದ್ದು 1962ರಲ್ಲಿ. ನಡೆಯುವುದು 1945ರ ಸಿಂಗಾಪುರದಲ್ಲಿ, ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಸೈನಿಕರನ್ನು ಜಪಾನೀಯರು ಕೂಡಿಹಾಕಿದ್ದ ಚಾಂಗಿ ಶಿಬಿರದೊಳಗೆ. ಕ್ಲಾವೆಲ್ ಸ್ವತಃ ಅಲ್ಲಿ ಕೈದಿಯಾಗಿದ್ದವರು. ಅದಕ್ಕೇ ಇರಬೇಕು, ಹಸಿವಿನ ಬಗ್ಗೆ ಭಾಷಣವಿಲ್ಲ. ಬಾಣಲೆಯಲ್ಲಿ ಚುಂಯ್ ಅನ್ನುವ ಮೊಟ್ಟೆ, ಅದನ್ನೇ ದಿಟ್ಟಿಸುವ ಹಸಿದ ಕಣ್ಣುಗಳು, ಅಷ್ಟೇ ಸಾಕು.

ಕೈದಿಗಳಾದ ಮೇಲಧಿಕಾರಿಗಳು ಚಿಂದಿ ಸುತ್ತಿಕೊಂಡು ಓಡಾಡುವಾಗ, ಠಾಕುಠೀಕಾಗಿ ವ್ಯಾಪಾರ ನಡೆಸುವವನು ಒಬ್ಬ ಮಾಮೂಲಿ ಅಮೆರಿಕನ್ ಕಾರ್ಪೋರಲ್. ಇಲಿ ಸಾಕಿ, ಬೇರೆ ಪ್ರಾಣಿಯ ಮಾಂಸ ಅಂತ ಅದೇ ಅಧಿಕಾರಿಗಳಿಗೆ ಮಾರಿಸುತ್ತಾನೆ! ನಗು ಬರುತ್ತದೆ, ಹಿಂದೆಯೇ ಹೊಟ್ಟೆ ತೊಳಸುತ್ತದೆ. ನನಗಂತೂ ಅವನನ್ನು ಬೈಯಲು ಮನಸ್ಸಾಗಲಿಲ್ಲ. ಯುದ್ಧ ಮುಗಿದ ಮೇಲೆ ಅವನು ಮತ್ತೆ ಬರೀ ಕಾರ್ಪೋರಲ್ ಆಗಿಬಿಡುತ್ತಾನಲ್ಲ, ಆ ಪುಟಗಳೇ ಜಾಸ್ತಿ ಕಾಡಿದವು.

– ಒಬ್ಬ ಓದುಗ, ಧಾರವಾಡ