ಪುಟ್ಟಿ, ಬೆನ್ನಿನ ಅಳತೆ ಕಳಿಸು

ಪುಟ್ಟಿ,

ನಿನ್ನೆ ರಾತ್ರಿ ನಿನ್ನ ಫೋನ್ ಬಂದ ಮೇಲೆ ನಿದ್ದೆ ಹತ್ತಲಿಲ್ಲ. ಇಪ್ಪತ್ನಾಲ್ಕು ವಯಸ್ಸಿಗೆ ಮತ್ತೆ ಅಜ್ಜಿ ಪಾತ್ರ, ಅದೂ ಗೂನು ಬೆನ್ನಿನ ಅಜ್ಜಿ, ಎರಡೇ ಸೀನು ಅಂತ ನೀನು ಅಳೋಕೆ ಶುರು ಮಾಡಿದಾಗ ಏನು ಹೇಳಬೇಕೋ ತೋಚದೆ ಫೋನನ್ನು ನಿನ್ನಮ್ಮನ ಕೈಗೆ ಕೊಟ್ಟೆ. ಅವಳು ಊಟ ಆಯ್ತಾ ಅಂತ ಕೇಳಿದಳು. ನಾವಿಬ್ಬರೂ ಅಷ್ಟೇ, ನಿನಗೆ ಗೊತ್ತಲ್ಲ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಕಟಿಂಗ್ ಟೇಬಲ್ ಒರೆಸುವಾಗ ಇಂಗ್ಲಿಷ್ ನಟ ಡೇವಿಡ್ ಸೂಶೆ ನೆನಪಾದರು. ಅದೇ, ಹೋದ ವರ್ಷ ನೀನು ಟೀವಿಗೆ ಹಾಕಿಕೊಟ್ಟು ಹೋದೆಯಲ್ಲ, ಆ ಮೊಟ್ಟೆಯಂಥ ತಲೆಯ, ತಿರುವಿದ ಮೀಸೆಯ ಪತ್ತೇದಾರ ಪ್ವಾರೋ, ಅವನ ಪಾತ್ರ ಮಾಡಿದವರು. ಕೊಲೆ ಮಾಡಿದ್ದು ಯಾರು ಅನ್ನೋದು ಹಾಗಿರಲಿ, ನನ್ನ ಕಣ್ಣೆಲ್ಲ ಆ ಕೋಟಿನ ಮೇಲೆ. ಹೊಟ್ಟೆ ಇರುವವನು ಕೂತಾಗ ವೇಸ್ಟ್‌ಕೋಟಿನ ಕೆಳಗಿನ ಗುಂಡಿ ಹತ್ತಿರ ಬಟ್ಟೆ ಎಳೆಯುತ್ತದೆ. ಈ ಮನುಷ್ಯ ಕೂತರೂ ನಿಂತರೂ ಒಂದೇ ಆಕಾರ. ಒಳಗೆ ಏನೋ ಹಾಕಿದ್ದಾರೆ ಅಂತ ಅವತ್ತೇ ಗುಮಾನಿ ಬಂತು. ಆಮೇಲೆ ಅವರ ಸಂದರ್ಶನಗಳನ್ನು ಹುಡುಕಿ ನೋಡಿದರೆ ನಿಜವೇ, ಆ ಹೊಟ್ಟೆ ಬರೀ ಪ್ಯಾಡಿಂಗು. ಅವರು ಅಷ್ಟು ದಪ್ಪ ಇಲ್ಲವೇ ಇಲ್ಲ. ಮೂವತ್ತು ವರ್ಷ ಹೊಲಿದಿದ್ದಕ್ಕೆ ಇಷ್ಟಾದರೂ ಗೊತ್ತಾಗಬೇಡ್ವಾ!

ಅವರ ಅಪ್ಪ ಲಂಡನ್ನಿನಲ್ಲಿ ಡಾಕ್ಟರು. ಮಗ ನಟ ಆಗೋದು ಅವರಿಗೆ ಹಿಡಿಸಲಿಲ್ಲ. (ನಾನೂ ನಿನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದೆ, ಅದನ್ನು ಈಗ ಎತ್ತಬೇಡ.) ಶುರುವಿನಲ್ಲಿ ಕೆಲಸವಿಲ್ಲದೆ ಸೂಟು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಇದ್ದರಂತೆ. ಅದಕ್ಕೇ ನನಗೆ ಅವರನ್ನು ಕಂಡರೆ ಒಂದು ಕೈ ಜಾಸ್ತಿ ಪ್ರೀತಿ. 1973 ರಲ್ಲಿ ರಾಯಲ್ ಶೇಕ್ಸ್‌ಪಿಯರ್ ಕಂಪನಿ ಅನ್ನೋ ನಾಟಕ ತಂಡ ಸೇರಿದರು. ಅಲ್ಲಿ ಬಡ್ಡಿ ಸಾಹುಕಾರ ಶೈಲಾಕ್, ಕುತಂತ್ರಿ ಇಯಾಗೋ, ಇಂಥವೇ ಪಾತ್ರಗಳು. ಪ್ರೇಮಿಸುವ ರಾಜಕುಮಾರ ಆಗುವ ಮುಖ ಅವರದಲ್ಲ, ಅದು ಅವರಿಗೂ ಗೊತ್ತಿತ್ತು. 1985 ರ ಒಂದು ಟೀವಿ ಸಿನಿಮಾದಲ್ಲಿ ಪ್ವಾರೋ ಆಗಿದ್ದವರು ಪೀಟರ್ ಉಸ್ತಿನೋವ್, ಇವರು ಪಕ್ಕದಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್. ತಾನು ಮಾಡಿದ್ದರಲ್ಲೆಲ್ಲ ಕೆಟ್ಟ ನಟನೆ ಅದು ಅಂತ ಅವರೇ ಹೇಳಿಕೊಳ್ಳುತ್ತಾರೆ.

ಪ್ವಾರೋ ಪಾತ್ರ ಅವರಿಗೆ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. ಸಿಕ್ಕ ಮೇಲೆ ಮಾಡಿದ ಕೆಲಸ ಕೇಳು. ಅಗಾಥಾ ಕ್ರಿಸ್ಟಿ ಬರೆದ ಪ್ವಾರೋ ಕತೆಗಳನ್ನೆಲ್ಲ ಓದಿ ಒಂದು ಪಟ್ಟಿ ಮಾಡಿದರು. 93 ಅಂಶ! ಟೀ ಕಾಫಿಗೆ ಸಕ್ಕರೆ ಕ್ಯೂಬು ನಾಲ್ಕು, ಕೆಲವು ಸಲ ಮೂರು, ಒಂದೆರಡು ಸಲ ಐದು, ಇದನ್ನೂ ಬರೆದಿಟ್ಟುಕೊಂಡಿದ್ದಾರೆ. ಸೆಟ್ಟಿಗೆ ಹೋಗುವಾಗ ಪಟ್ಟಿ ಜೊತೆಗಿರುತ್ತಿತ್ತು. ಇನ್ನು ಆ ನಡಿಗೆ. ಕಾಲು ಹಿಡಿಯುವ ಬಿಗಿ ಬೂಟು ಹಾಕಿಕೊಂಡು ಸಣ್ಣ ಸಣ್ಣ ಹೆಜ್ಜೆ ಬೇಗ ಬೇಗ ಇಡುತ್ತಾನೆ ಅಂತ ಪುಸ್ತಕದಲ್ಲಿದೆ, ಅದನ್ನು ಮಾಡೋದು ಹೇಗೆ? ಹಳೆಯ ದೊಡ್ಡ ನಟ ಲಾರೆನ್ಸ್ ಒಲಿವಿಯರ್ ಹಿಂದೆ ಹೇಳಿದ್ದ ಉಪಾಯ ನೆನಪಾಗಿ, ಕುಂಡೆಗಳ ಮಧ್ಯೆ ಒಂದು ನಾಣ್ಯ ಸಿಕ್ಕಿಸಿಕೊಂಡು, ಅದು ಬೀಳದ ಹಾಗೆ ನಡೆದು ಅಭ್ಯಾಸ ಮಾಡಿದರು. ಅಪ್ಪ ಇಂಥದ್ದೆಲ್ಲ ಬರೀತಾರಾ ಅಂತ ನಗಬೇಡ. ನಾನೂ ಅಂಗಡಿ ಶಟರ್ ಇಳಿಸಿ ಒಂದು ರೂಪಾಯಿ ನಾಣ್ಯದಲ್ಲಿ ನೋಡಿದೆ, ಪ್ಯಾಂಟಿನ ಮೇಲೆಯೇ. ಮೂರು ಹೆಜ್ಜೆಗೆ ಬಿತ್ತು.

ಮೊದಲ ಕಂತಿನ ಶೂಟಿಂಗಿನಲ್ಲೇ ಜಗಳ. ಪಾರ್ಕಿನ ಬೆಂಚಿನಲ್ಲಿ ಕೂರುವ ಮುಂಚೆ ಪ್ವಾರೋ ಕರ್ಚೀಫಿನಿಂದ ಒರೆಸಿ, ಅದನ್ನು ಹಾಸಿಕೊಂಡೇ ಕೂರುತ್ತಾನೆ ಅಂತ ಇವರು. ನೋಡೋಕೆ ನಗೆಪಾಟಲು, ಬೇಡ ಅಂತ ಡೈರೆಕ್ಟರು. ಕೆಲಸ ನಿಂತೇಹೋಯಿತು. ಕೊನೆಗೆ ಪ್ರೊಡ್ಯೂಸರ್ ಬಂದು ಇವರ ಕಡೆ ತೀರ್ಮಾನ ಕೊಟ್ಟರು. ಇವರ ಹಟಕ್ಕೆ ಒಂದು ಕಾರಣವೂ ಇತ್ತು. ಶೂಟಿಂಗಿಗೆ ಮುಂಚೆ ಕ್ರಿಸ್ಟಿಯ ಮಗಳು ರೋಸಲಿಂಡ್ ಊಟಕ್ಕೆ ಕರೆದು, ಪ್ವಾರೋ ಜೊತೆ ಜನ ನಗಬಹುದು, ಪ್ವಾರೋನನ್ನು ನೋಡಿ ನಗಬಾರದು ಅಂತ ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದರು. ಅಮ್ಮ ಹುಟ್ಟಿಸಿದ ಮನುಷ್ಯನನ್ನು ಮಗಳು ಕಾಯುತ್ತಿದ್ದಳು ನೋಡು.

ಒಂದು ಸಲ ಹಿಡಿದ ಪಾತ್ರ ನಿಲ್ಲದೆ ನಡೆಯಿತು ಅಂದುಕೊಂಡಿದ್ದೆ. ಇಲ್ಲ ಕಣೇ. 1989 ರಿಂದ 2013 ರವರೆಗೆ 70 ಕಂತು ಆಯಿತು ನಿಜ, ಆದರೆ ಮುಂದಿನ ಸರಣಿ ಇದೆಯೋ ಇಲ್ಲವೋ ಅಂತ ಪ್ರತಿ ಸಲವೂ ಕಾಯುವುದೇ. ಮಧ್ಯೆ ಕೆಲವು ವರ್ಷ ಪೂರ್ತಿ ನಿಂತುಹೋಗಿತ್ತು. ಆಗ ಮೀಸೆ ತೆಗೆದಿಟ್ಟು ನಾಟಕಕ್ಕೆ ವಾಪಸ್. 1998 ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ‘ಅಮೇಡಿಯಸ್’ ನಾಟಕದ ಸಂಗೀತಗಾರ ಸಾಲಿಯೇರಿ. ಆ ನಾಟಕದಲ್ಲಿ ಸಾಲಿಯೇರಿ ಮೊದಲು ಗಾಲಿಕುರ್ಚಿಯಲ್ಲಿ ಕೂತ ಮುದುಕ, ಆಮೇಲೆ ಜನರ ಕಣ್ಣೆದುರಿಗೇ ಹರೆಯದವನಾಗುತ್ತಾನೆ. ನಿನ್ನ ಅಜ್ಜಿ ಪಾತ್ರದ ವಿಷಯಕ್ಕೆ ಇದನ್ನು ಹೇಳಿದೆ. 2015 ರಲ್ಲಂತೂ, ಅರವತ್ತೊಂಬತ್ತರ ವಯಸ್ಸಿಗೆ, ಕಾರ್ಸೆಟ್ ಬಿಗಿದು ಉದ್ದ ಗೌನು ತೊಟ್ಟು ಆಸ್ಕರ್ ವೈಲ್ಡ್ ನಾಟಕದ ಜಂಬದ ಹೆಂಗಸು ಲೇಡಿ ಬ್ರಾಕ್‌ನೆಲ್ ಆದರು. ಅದರ ಫೋಟೋ ನೋಡಿದೆ. ಯಾರು ಹೊಲಿದರೋ ಪುಣ್ಯಾತ್ಮರು, ತೋಳು ಕೂತಿದೆ ಅಂದ್ರೆ ಹಾಗೆ ಕೂತಿದೆ.

ಪ್ವಾರೋ ಸಾಯುವ ಕೊನೆಯ ಕತೆಗೆ ತೂಕ ಇಳಿಸಿಕೊಂಡಿದ್ದರು. ಸಣ್ಣಗಾದ ಆ ಮುಖ ನೋಡಿ ನಿನ್ನಮ್ಮ ಟೀವಿ ಆಫ್ ಮಾಡಿ ಅಂದಳು. ಆ ಸಾವಿನ ಕತೆಯನ್ನು ಮೊದಲೇ ಶೂಟ್ ಮಾಡಿ ಮುಗಿಸಿ, ಕಟ್ಟಕಡೆಗೆ ಬೇರೆ ಕತೆಯೊಂದನ್ನು ಡೆವನ್‌ನಲ್ಲಿರುವ ಕ್ರಿಸ್ಟಿಯ ಸ್ವಂತ ಮನೆ ಗ್ರೀನ್‌ವೇಯಲ್ಲಿ ತೆಗೆದರಂತೆ. ಕೊನೆಯ ದಿನ ಸಾಯೋದು ಬೇಡ, ನಡೆದಾಡುತ್ತಿರುವ ಪ್ವಾರೋ ಆಗಿಯೇ ಮುಗಿಸೋಣ ಅಂತ. ನನಗೆ ಅದು ಬಹಳ ಹಿಡಿಸಿತು.

ಈಗ ಕೆಲಸದ ಮಾತು. ಗೂನು ಬೆನ್ನಿಗೆ ದಿಂಬು ಕಟ್ಟಿಕೊಳ್ಳುತ್ತೇನೆ ಅಂದೆಯಲ್ಲ, ಕಟ್ಟಬೇಡ. ಬಗ್ಗಿದರೆ ಸರಿಯುತ್ತದೆ, ಹಿಂದಿನ ಸಾಲಿನವರಿಗೂ ಗೊತ್ತಾಗುತ್ತದೆ. ನಾನು ಕ್ಯಾನ್ವಾಸ್ ಒಳಗೆ ಹತ್ತಿ ಪದರ ಪದರವಾಗಿ ಇಟ್ಟು, ತೋಳಿಗೆ ಸಿಕ್ಕಿಸುವ ಪಟ್ಟಿ ಸಮೇತ ಹೊಲಿದು ಶುಕ್ರವಾರದ ಬಸ್ಸಿಗೆ ಹಾಕುತ್ತೇನೆ. ಅದರ ಮೇಲೆ ಹಾಕೋಕೆ ರವಿಕೆಯೂ ಬೇಕಲ್ವಾ? ಕತ್ತಿನ ಬುಡದಿಂದ ಸೊಂಟದವರೆಗೆ ಅಳತೆ ತೆಗೆಸಿ ಕಳಿಸು. ನೆಟ್ಟಗೆ ನಿಂತು ಕೊಡಬೇಡ. ಆ ಅಜ್ಜಿ ಹೇಗೆ ನಿಲ್ಲುತ್ತಾಳೋ ಹಾಗೇ ಬಗ್ಗಿ ನಿಂತುಕೋ, ಆಮೇಲೆ ಟೇಪು ಹಿಡಿಯೋಕೆ ಹೇಳು.

ನಿನ್ನ ಅಪ್ಪ

ಅಮ್ಮ ಚಟ್ನಿಪುಡಿ ಕಟ್ಟುತ್ತಿದ್ದಾಳೆ, ಅದೇ ಪೊಟ್ಟಣದಲ್ಲಿ ಬರುತ್ತದೆ. ಹತ್ತಿಗೆ ವಾಸನೆ ಹಿಡಿದರೆ ನನ್ನನ್ನು ಬೈಯಬೇಡ.